ನಮ್ಮ ದುಡಿಮೆ ಪಂಚಾಯತ್ ಪಟ್ಟಿಯಲ್ಲಿದೆಯೇ?



ಬೀದಿಯಲ್ಲಿ ಆಟೋರಿಕ್ಷಾವೊಂದು ನಿಧಾನವಾಗಿ ಸಾಗುತ್ತದೆ. ಇಂತಹ ದಿನ, ಇಷ್ಟು ಗಂಟೆಗೆ, ಇಂತಹ ಶಾಲೆಯಲ್ಲಿ ವಾರ್ಡ್ ಸಭೆ ಇದೆ, ಸರ್ವರೂ ಬರಬೇಕು ಎಂದು ಅದರ ಧ್ವನಿವರ್ಧಕ ಸಾರುತ್ತದೆ. ಆಗ ನೀವು ಏನು ಮಾಡುತ್ತೀರಿ? ಹೆಚ್ಚಿನ ಮನೆಗಳಲ್ಲಿ ಯಾರೂ ಏನೂ ಮಾಡುವುದಿಲ್ಲ. ಒಲೆಯ ಮೇಲಿನ ಸಾರು ಕುದಿಯುತ್ತಲೇ ಇರುತ್ತದೆ, ಮಡಿಲಲ್ಲಿರುವ ಬೀಡಿ ಎಲೆಯ ಮೊರ ಅಲ್ಲೇ ಇರುತ್ತದೆ. ಅದು ಗಂಡಸರಿಗೆ ಸೇರಿದ ವಿಷಯ, ರಾಜಕೀಯದವರ ಕೆಲಸ ಎಂದುಕೊಂಡು ನಾವು ಸುಮ್ಮನಾಗುತ್ತೇವೆ. ಇನ್ನು ಗಂಡಸರೋ, ಒಬ್ಬರು ಕೊಲ್ಲಿ ರಾಷ್ಟ್ರದಲ್ಲಿ, ಇನ್ನೊಬ್ಬರು ಬೆಂಗಳೂರಿನ ಅಂಗಡಿಯಲ್ಲಿ, ಮತ್ತೊಬ್ಬರು ಅಂದಿನ ಕೂಲಿ ಬಿಟ್ಟು ಬರಲಾಗದ ಸ್ಥಿತಿಯಲ್ಲಿ. ಹೀಗೆ ಇಡೀ ಬೀದಿಯಿಂದ ಒಬ್ಬರೂ ಆ ಸಭೆಗೆ ಹೋಗುವುದಿಲ್ಲ. ಕೆಲವು ತಿಂಗಳ ಬಳಿಕ ಊರಿನ ಹೆಬ್ಬಾಗಿಲಲ್ಲಿ ಒಂದು ಸ್ವಾಗತ ಕಮಾನು ಏಳುತ್ತದೆ. ನಮ್ಮ ಬೀದಿಯ ಚರಂಡಿ ಮಾತ್ರ ಮೊದಲಿದ್ದಂತೆಯೇ ಇರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ನಾವು ಪಂಚಾಯತನ್ನು ಟೀಕಿಸುತ್ತೇವೆ.

ಟೀಕಿಸುವುದು ಸುಲಭ. ಆದರೆ ಆ ಕಮಾನು ಯಾರದೋ ಒಬ್ಬರ ಬೇಡಿಕೆಯಾಗಿ ಸಭೆಯಲ್ಲಿ ದಾಖಲಾಗಿತ್ತು. ನಮ್ಮ ಚರಂಡಿಯ ಬಗ್ಗೆ ಅಲ್ಲಿ ಯಾರೂ ಬಾಯಿ ತೆರೆದಿರಲಿಲ್ಲ. ಕೇಳದೆ ತಾಯಿಯೂ ಬಡಿಸಳು ಎಂಬ ಮಾತು ಪಂಚಾಯತಿಗೂ ಅನ್ವಯಿಸುತ್ತದೆ.

ಆ ಸಭೆಯಲ್ಲಿ ನಡೆಯುವುದೇನು?

ಮನೆ ಮಂಜೂರು ಮಾಡುವವರ ಪಟ್ಟಿ ಓದುವುದೇ ಗ್ರಾಮಸಭೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಫಲಾನುಭವಿಗಳ ಆಯ್ಕೆ ಅದರ ಒಂದು ಭಾಗ ಮಾತ್ರ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಪಂಚಾಯತ್‌ಗಳು ಆರ್ಥಿಕ ಅಭಿವೃದ್ಧಿಗಾಗಿ ಮತ್ತು ಸಾಮಾಜಿಕ ನ್ಯಾಯಕ್ಕಾಗಿ ಯೋಜನೆ ತಯಾರಿಸುವ ಅಧಿಕಾರದ ಮಾತು ಅದರ 243ಜಿ ವಿಧಿಯಲ್ಲಿದೆ. ಜೊತೆಗಿರುವ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಕುಡಿಯುವ ನೀರು, ರಸ್ತೆ, ಶಾಲೆ ಮಾತ್ರವಲ್ಲ, ಸಣ್ಣ ಕೈಗಾರಿಕೆ, ಗುಡಿ ಕೈಗಾರಿಕೆ, ಸಂತೆ ಮಾರುಕಟ್ಟೆ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಕೂಡ ಆ ಪಟ್ಟಿಯಲ್ಲಿವೆ. ಅಂದರೆ ಊರಿನವರು ಹೇಗೆ ದುಡಿಯುತ್ತಾರೆ, ಅವರ ದುಡಿಮೆ ಹೆಚ್ಚಲು ಏನು ಬೇಕು ಎಂದು ಯೋಚಿಸುವುದು ಪಂಚಾಯತ್‌ನ ಕೆಲಸವೇ ಆಗಿದೆ.

ನಮ್ಮ ರಾಜ್ಯದ 1993ರ ಕಾಯ್ದೆಯ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆಗಳು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಲ್ಲಿ ಬಂದ ಬೇಡಿಕೆಗಳನ್ನು ಪಂಚಾಯತ್ ಕ್ರೋಡೀಕರಿಸಿ ವರ್ಷದ ಯೋಜನೆ ಸಿದ್ಧಪಡಿಸುತ್ತದೆ. 14ನೇ ಹಣಕಾಸು ಆಯೋಗವು 2015ರಿಂದ 2020ರವರೆಗಿನ ಐದು ವರ್ಷಗಳಿಗೆ ದೇಶದ ಗ್ರಾಮ ಪಂಚಾಯತ್‌ಗಳಿಗೆ ಎರಡು ಲಕ್ಷ ಕೋಟಿ ರೂಪಾಯಿ ಶಿಫಾರಸು ಮಾಡಿತು. ಇಷ್ಟು ದೊಡ್ಡ ಮೊತ್ತ ಬರುವಾಗ ಪ್ರತಿಯೊಂದು ಪಂಚಾಯತ್ ತನ್ನದೇ ಅಭಿವೃದ್ಧಿ ಯೋಜನೆ ಬರೆಯಬೇಕೆಂಬ ಪದ್ಧತಿ 2015ರಿಂದ ಬಂತು. 2018ರಿಂದ ಪ್ರತಿ ವರ್ಷ ಅಕ್ಟೋಬರ್ 2ರ ಹೊತ್ತಿಗೆ ಇದಕ್ಕಾಗಿ ದೇಶದಾದ್ಯಂತ ಜನಯೋಜನಾ ಅಭಿಯಾನ ಆರಂಭವಾಗುತ್ತದೆ. ಮುಂದಿನ ವರ್ಷದ ಹಣ ಎಲ್ಲಿಗೆ ಹೋಗಬೇಕೆಂಬುದು ಈ ವರ್ಷದ ಅಕ್ಟೋಬರ್‌ನಿಂದಲೇ ಬರವಣಿಗೆಯಾಗತೊಡಗುತ್ತದೆ ಎಂಬುದನ್ನು ನೆನಪಿಡಿ. ಬೇಸಿಗೆಯಲ್ಲಿ ಹೋಗಿ ಕೇಳಿದರೆ ತಡವಾಗಿರುತ್ತದೆ.

ಮನೆಯೊಳಗಿನ ಕಾರ್ಖಾನೆ

ಆರ್ಥಿಕ ಅಭಿವೃದ್ಧಿ ಎಂದೊಡನೆ ನಮ್ಮ ಕಣ್ಣಿಗೆ ಕಾರ್ಖಾನೆಯ ಚಿಮಣಿ, ಕಾಂಕ್ರೀಟ್ ರಸ್ತೆ, ವಾಣಿಜ್ಯ ಮಳಿಗೆ ಬಂದು ನಿಲ್ಲುತ್ತವೆ. ಈಗ ನಿಮ್ಮ ಬೀದಿಯನ್ನೊಮ್ಮೆ ನೋಡಿ. ಕರಾವಳಿಯಲ್ಲಾದರೆ ಮನೆಮನೆಯಲ್ಲಿ ಬೀಡಿ ಕಟ್ಟುವವರಿದ್ದಾರೆ. ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆ ನೂಲು ತೆಗೆಯುವ ಕುಟುಂಬಗಳಿವೆ. ಚನ್ನಪಟ್ಟಣದಲ್ಲಿ ಮರದ ಗೊಂಬೆಗೆ ಅರಗಿನ ಬಣ್ಣ ಕೊಡುವ ಕೈಗಳಿವೆ. ಬೆಂಗಳೂರು, ಮೈಸೂರುಗಳ ಮೊಹಲ್ಲಾಗಳಲ್ಲಿ ಊದುಬತ್ತಿ ಹೊಸೆಯುವವರು, ರವಿಕೆ ಹೊಲಿಯುವವರು, ಬಟ್ಟೆಗೆ ಜರಿ ಕೆಲಸ ಮಾಡುವವರು ಇದ್ದಾರೆ. ಉತ್ತರ ಕರ್ನಾಟಕದಲ್ಲಿ ಖಡಕ್ ರೊಟ್ಟಿ ತಟ್ಟಿ ಅಂಗಡಿಗೆ ಕೊಡುವವರಿದ್ದಾರೆ. ಇವರನ್ನು ಏನು ಮಾಡುತ್ತಿದ್ದೀರಿ ಎಂದು ಕೇಳಿ ನೋಡಿ. ಏನಿಲ್ಲ, ಮನೆಯಲ್ಲೇ ಇದ್ದೇನೆ ಎಂಬ ಉತ್ತರ ಬರುತ್ತದೆ!

ತನ್ನ ದುಡಿಮೆಯನ್ನು ತಾನೇ ದುಡಿಮೆಯೆಂದು ಹೇಳದ ಹೆಣ್ಣನ್ನು ಪಂಚಾಯತ್ ಹೇಗೆ ಗುರುತಿಸೀತು? ಬೀಡಿಗೆ ಕೂಲಿ ಸಿಗುವುದು ಸಾವಿರದ ಲೆಕ್ಕದಲ್ಲಿ. ಹೊಲಿಗೆಗೆ ಸಿಗುವುದು ಬಟ್ಟೆಯ ಲೆಕ್ಕದಲ್ಲಿ. ಕೈ ನಿಂತರೆ ಸಂಪಾದನೆಯೂ ನಿಂತಿತು. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ತಿಳಿಯದೆ ಕೊಡ ಹಿಡಿದು ಕಾಯುವ ಸಹೋದರಿಯ ದಿನಕ್ಕೆ ಎರಡು ಗಂಟೆ ಹೋದರೆ, ತಿಂಗಳಿಗೆ ಅರವತ್ತು ಗಂಟೆ ಹೋಯಿತು. ಎಂಟು ಗಂಟೆಗೆ ಒಂದು ದಿನವೆಂದು ಲೆಕ್ಕ ಹಾಕಿದರೆ ಏಳೂವರೆ ದಿನದ ಕೂಲಿ. ಸಂಜೆ ಹೊತ್ತು ಬೀದಿದೀಪವಿಲ್ಲದ ದಾರಿಯಲ್ಲಿ ಬೀಡಿ ಡಿಪೋಗೆ ಹೋಗಲು ಹೆದರಿ ಬೇರೆಯವರ ಕೈಯಲ್ಲಿ ಕಳುಹಿಸಿದರೆ ಅವರಿಗೂ ಒಂದಿಷ್ಟು ಕೊಡಬೇಕು. ಮಳೆಗಾಲದಲ್ಲಿ ಚರಂಡಿ ತುಂಬಿ ನೀರು ಮನೆಯೊಳಗೆ ಬಂದರೆ ನೆಂದ ಎಲೆಯ ನಷ್ಟ ಅವಳದೇ. ನೀರಿನ ಸಮಯ, ಬೀದಿದೀಪ, ಚರಂಡಿ ಇವೆಲ್ಲ ಅವಳ ಪಾಲಿಗೆ ಆರ್ಥಿಕ ಯೋಜನೆಯೇ ಆಗಿವೆ. ಸಭೆಯಲ್ಲಿ ಕುಳಿತ ಇತರರಿಗೆ ಇದು ಹೊಳೆಯಲಾರದು. ಅವರು ಕೆಟ್ಟವರೆಂದಲ್ಲ, ಅವರ ಕೈಯಲ್ಲಿ ಆ ಮೊರ ಇಲ್ಲ, ಅಷ್ಟೇ.

ನೀರ್ ಸಾಬರ ನೆನಪು

ಪಂಚಾಯತ್ ವಿಷಯ ನಮಗೆ ದೂರದ್ದು ಎಂದು ಭಾವಿಸುವವರು ಅಬ್ದುಲ್ ನಜೀರ್ ಸಾಬರನ್ನು ನೆನಪಿಸಿಕೊಳ್ಳಬೇಕು. 1983ರಲ್ಲಿ ಅಧಿಕಾರಕ್ಕೆ ಬಂದ ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಅವರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದರು. ಬರಗಾಲದ ಹಳ್ಳಿಗಳಲ್ಲಿ ಕೊಳವೆಬಾವಿ ತೋಡಿಸಿ ಕುಡಿಯುವ ನೀರು ಕೊಟ್ಟದ್ದಕ್ಕೆ ಜನ ಅವರನ್ನು ಪ್ರೀತಿಯಿಂದ ನೀರ್ ಸಾಬ್ ಎಂದು ಕರೆದರು. ಹಳ್ಳಿಯ ತೀರ್ಮಾನ ಹಳ್ಳಿಯಲ್ಲೇ ಆಗಬೇಕು ಎಂಬುದು ಅವರ ಹಟವಾಗಿತ್ತು. ಅವರ ಮುಂದಾಳತ್ವದಲ್ಲಿ ಬಂದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯತ್‌ಗಳ ಚುನಾವಣೆ ನಡೆಯಿತು. ಅದರಲ್ಲಿ ಶೇ. 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡಲಾಗಿತ್ತು. ಸಂವಿಧಾನದ ತಿದ್ದುಪಡಿಗೆ ಐದಾರು ವರ್ಷ ಮೊದಲೇ ಕರ್ನಾಟಕ ಇದನ್ನು ಮಾಡಿ ತೋರಿಸಿತ್ತು. 1988ರಲ್ಲಿ ಅವರು ತೀರಿಕೊಂಡರು. ಪಂಚಾಯತ್ ಸದಸ್ಯರಿಗೆ ತರಬೇತಿ ಕೊಡುವ ಮೈಸೂರಿನ ಸರಕಾರಿ ಸಂಸ್ಥೆ ಇಂದಿಗೂ ಅವರ ಹೆಸರನ್ನೇ ಹೊತ್ತಿದೆ.

2010ರ ತಿದ್ದುಪಡಿಯ ನಂತರ ನಮ್ಮ ರಾಜ್ಯದ ಪಂಚಾಯತ್‌ಗಳಲ್ಲಿ ಮಹಿಳೆಯರ ಮೀಸಲಾತಿ ಶೇ. 50ಕ್ಕೆ ಏರಿತು. ಹೆಣ್ಣುಮಕ್ಕಳು ಅಧ್ಯಕ್ಷರಾದರು, ಸದಸ್ಯರಾದರು. ಇದು ಸಂತೋಷದ ಸಂಗತಿ. ಆದರೆ ವೇದಿಕೆಯ ಮೇಲೆ ಮಹಿಳೆಯರಿದ್ದು ಎದುರಿನ ಕುರ್ಚಿಗಳಲ್ಲಿ ಮಹಿಳೆಯರಿಲ್ಲದಿದ್ದರೆ, ಮೇಲಿರುವವಳು ಯಾರ ಮಾತನ್ನು ಕೇಳಬೇಕು? ಎದುರಿಗೆ ಕುಳಿತವರ ಮಾತನ್ನೇ ಕೇಳುತ್ತಾಳೆ.

ನೆರೆರಾಜ್ಯ ಕಲಿತ ಪಾಠ

ಈ ವಿಷಯದಲ್ಲಿ ನಮ್ಮ ನೆರೆಯ ಕೇರಳದ ಅನುಭವ ಗಮನಾರ್ಹ. 1996ರ ಆಗಸ್ಟ್‌ನಲ್ಲಿ ಅಲ್ಲಿ ಜನಕೀಯ ಆಸೂತ್ರಣ, ಅಂದರೆ ಜನರ ಯೋಜನೆ ಎಂಬ ಅಭಿಯಾನ ಆರಂಭವಾಯಿತು. ರಾಜ್ಯದ ಯೋಜನಾ ಹಣದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟು, ಅದನ್ನು ಹೇಗೆ ಬಳಸಬೇಕೆಂದು ಜನರನ್ನೇ ಕೇಳಲಾಯಿತು. ಗ್ರಾಮಸಭೆಗೆ ಬಂದವರನ್ನು ವಿಷಯವಾರು ಸಣ್ಣ ಗುಂಪುಗಳಾಗಿ ಕೂರಿಸಿದರು. ಕೃಷಿಗೊಂದು ಗುಂಪು, ಶಿಕ್ಷಣಕ್ಕೊಂದು, ಮಹಿಳೆಯರ ವಿಷಯಕ್ಕೊಂದು. ಮೈಕಿನ ಮುಂದೆ ಮಾತು ಬಾರದವಳೂ ಹತ್ತಾರು ಜನರ ನಡುವೆ ತನ್ನ ಕಷ್ಟ ಹೇಳಬಲ್ಲಳು ಎಂಬುದು ಇದರ ಹಿಂದಿನ ತಿಳುವಳಿಕೆ.

ಹಾಗಿದ್ದರೂ ಮೊದಲ ವರ್ಷ ಸಭೆಗಳಿಗೆ ಬಂದವರಲ್ಲಿ ಮಹಿಳೆಯರು ಕಡಿಮೆಯೇ ಇದ್ದರು. ಯೋಜನೆಗಳಲ್ಲೂ ಅವರ ಪಾಲು ಅಷ್ಟಕ್ಕಷ್ಟೇ ಇತ್ತು. ಆದ್ದರಿಂದ ಸ್ಥಳೀಯ ಯೋಜನೆಯ ಹಣದಲ್ಲಿ ಶೇ. 10ರಷ್ಟಾದರೂ ಮಹಿಳೆಯರಿಗಾಗಿಯೇ ಇರಬೇಕು ಎಂಬ ನಿಯಮ ಬಂತು. ಆಗಲೂ ಹಸು, ಮೇಕೆ, ಹೊಲಿಗೆ ಯಂತ್ರ ಹಂಚುವುದನ್ನೇ ಮಹಿಳಾ ಯೋಜನೆ ಎಂದುಕೊಂಡಿದ್ದಾರೆ ಎಂಬ ಟೀಕೆ ಕೇಳಿಬಂತು. ಹಣ ಮೀಸಲಿಟ್ಟರೆ ಸಾಲದು, ಅದನ್ನು ಏನು ಮಾಡಬೇಕೆಂದು ಮೊದಲೇ ಕುಳಿತು ಯೋಚಿಸುವ ಕೂಟವೂ ಬೇಕು ಎಂಬುದು ಅವರಿಗೆ ಅರಿವಾಯಿತು.

ಆ ಕೂಟವೇ ಕುಟುಂಬಶ್ರೀ. 1998ರ ಮೇ 17ರಂದು ಅಂದಿನ ಪ್ರಧಾನಿ ವಾಜಪೇಯಿಯವರು ಅದನ್ನು ಉದ್ಘಾಟಿಸಿದ್ದು ಮಲಪ್ಪುರಂನಲ್ಲಿ. ಅದಕ್ಕೂ ಮೊದಲು ಆಲಪ್ಪುಝ ಪಟ್ಟಣದಲ್ಲಿ ಮತ್ತು ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯ ಹೆಂಗಸರ ಗುಂಪು ಕಟ್ಟುವ ಪ್ರಯೋಗ ನಡೆದಿತ್ತು. ಮುಸ್ಲಿಮ್ ಮನೆಗಳೇ ಹೆಚ್ಚಾಗಿರುವ ಮಲಪ್ಪುರಂನ ಹೆಣ್ಣುಮಕ್ಕಳು ಈ ಕೆಲಸದ ಮೊದಲ ಸಾಲಿನಲ್ಲಿದ್ದರು ಎಂಬುದನ್ನು ನಾವು ಗಮನಿಸಬೇಕು. ಅಕ್ಕಪಕ್ಕದ ಮನೆಗಳ ಹೆಂಗಸರು ಗುಂಪಾಗಿ ಸೇರಿ ತಮ್ಮ ಅಗತ್ಯಗಳ ಪಟ್ಟಿ ಬರೆಯುತ್ತಾರೆ. ಅಂತಹ ಪಟ್ಟಿಗಳು ವಾರ್ಡ್ ಮಟ್ಟದಲ್ಲಿ ಒಂದಾಗುತ್ತವೆ, ಅಲ್ಲಿಂದ ಪಂಚಾಯತ್‌ನ ಯೋಜನೆಗೆ ತಲುಪುತ್ತವೆ. ಇಂದು 40 ಲಕ್ಷಕ್ಕೂ ಹೆಚ್ಚು ಮಹಿಳೆಯರು ಅದರಲ್ಲಿದ್ದಾರೆ. ಗ್ರಾಮಸಭೆಯ ದಿನ ಅವರು ಒಬ್ಬಂಟಿಯಾಗಿ ಹೋಗುವುದಿಲ್ಲ, ಕೈಯಲ್ಲಿ ಕಾಗದ ಹಿಡಿದು ಒಟ್ಟಿಗೆ ಹೋಗುತ್ತಾರೆ.

ನಮ್ಮಲ್ಲೂ ಇದಕ್ಕೆ ದಾರಿಯಿದೆ. ಸಂಜೀವಿನಿ ಒಕ್ಕೂಟದ ಸ್ವಸಹಾಯ ಸಂಘಗಳು ತಮ್ಮ ಬೇಡಿಕೆಗಳ ಪಟ್ಟಿ ಸಿದ್ಧಪಡಿಸಿ ಪಂಚಾಯತ್ ಯೋಜನೆಗೆ ಸೇರಿಸುವ ಪದ್ಧತಿ ಕರ್ನಾಟಕದಲ್ಲಿದೆ. ನಿಮ್ಮ ಸಂಘ ಸಾಲ ಕೊಡಲು, ಕಂತು ವಸೂಲು ಮಾಡಲು ಮಾತ್ರ ಸೇರುತ್ತಿದ್ದರೆ ಅದರ ಅರ್ಧ ಕೆಲಸ ಬಾಕಿಯಿದೆ ಎಂದರ್ಥ.

ಒಂದು ಬೀದಿಯ ಕಥೆ

ನನಗೆ ತಿಳಿದ ಒಂದು ಬೀದಿಯ ತಾಯಂದಿರು ಹೀಗೆಯೇ ಪ್ರಯತ್ನಿಸಿದರು. ಹತ್ತನೇ ತರಗತಿ ಮುಗಿಸಿದ ಇಬ್ಬರು ಹುಡುಗಿಯರು ಮನೆಮನೆಗೆ ಹೋಗಿ, ಈ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬರೆದು ಮುಗಿಸಿದಾಗ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಹೆಂಗಸರ ಸಂಪಾದನೆಯಿತ್ತು. ಇದನ್ನು ಕಂಡು ಅವರಿಗೇ ಆಶ್ಚರ್ಯ! ಒಂದು ಮಧ್ಯಾಹ್ನ ಒಬ್ಬರ ಮನೆಯಲ್ಲಿ ಸೇರಿ ಮೂರು ಬೇಡಿಕೆಗಳನ್ನು ಆರಿಸಿದರು. ಡಿಪೋ ದಾರಿಗೆ ಬೀದಿದೀಪ, ನೀರು ಬಿಡಲು ನಿಗದಿತ ಸಮಯ, ಹೊಲಿಗೆಯವರು ಒಟ್ಟಿಗೆ ಕುಳಿತು ಕೆಲಸ ಮಾಡಲು ಒಂದು ಕೊಠಡಿ.

ಸಭೆಗೆ ಹತ್ತೊಂಬತ್ತು ಮಂದಿ ಹೋದರು. ಮಾತನಾಡಿದವರು ಒಬ್ಬರೇ, ಅದೂ ಎರಡೇ ನಿಮಿಷ. ಆದರೆ ಬರೆದ ಅರ್ಜಿಯನ್ನು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದರು. ಫಲಿತಾಂಶವೇನು? ಬೀದಿದೀಪ ಆ ವರ್ಷವೇ ಬಂತು. ನೀರಿನ ಸಮಯ ಕೆಲವು ತಿಂಗಳು ಸರಿಯಾಗಿತ್ತು, ಮತ್ತೆ ತಪ್ಪಿತು, ಮತ್ತೆ ಹೋಗಿ ಹೇಳಬೇಕಾಯಿತು. ಕೊಠಡಿ ಇಂದಿಗೂ ಆಗಿಲ್ಲ. ಜಾಗವಿಲ್ಲ ಎಂಬ ಉತ್ತರ ಸಿಕ್ಕಿದೆ. ಜಾಗವಿಲ್ಲವೆಂಬುದನ್ನು ಲಿಖಿತವಾಗಿ ಕೊಡಿ ಎಂದು ಅವರು ಕೇಳಿದ್ದಾರೆ. ಮೂರರಲ್ಲಿ ಒಂದು ಪೂರ್ತಿ, ಒಂದು ಅರ್ಧ, ಒಂದು ಬಾಕಿ. ಹಿಂದಿನ ವರ್ಷಗಳಲ್ಲಿ ಏನೂ ಕೇಳದಿದ್ದಾಗ ಸಿಕ್ಕಿದ್ದಾದರೂ ಎಷ್ಟು?

ನೀವೂ ಮಾಡಬಹುದಾದದ್ದು

ಮೊದಲನೆಯದಾಗಿ, ಸಭೆಗೆ ಮುನ್ನ ಸೇರಿರಿ. ಒಂದು ಬೀದಿಯ ಹತ್ತು ಮನೆಯವರು ಸೇರಿದರೂ ಸಾಕು. ಬೇಡಿಕೆ ಎರಡು ಅಥವಾ ಮೂರಕ್ಕಿಂತ ಹೆಚ್ಚಿರುವುದು ಬೇಡ. ಇಪ್ಪತ್ತು ಬೇಡಿಕೆಗಳ ಪಟ್ಟಿಯನ್ನು ಯಾರೂ ಓದುವುದಿಲ್ಲ.

ಎರಡನೆಯದಾಗಿ, ಬೇಡಿಕೆಯನ್ನು ಸ್ಪಷ್ಟವಾಗಿ ಬರೆಯಿರಿ. ನಮ್ಮ ಬೀದಿಯನ್ನು ಅಭಿವೃದ್ಧಿ ಮಾಡಿ ಎಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಇಂತಹ ಮನೆಯಿಂದ ಇಂತಹ ತಿರುವಿನವರೆಗೆ ಚರಂಡಿ, ಇದರಿಂದ ಇಷ್ಟು ಮನೆಗಳಿಗೆ ಅನುಕೂಲ, ಈ ಮನೆಗಳಲ್ಲಿ ಇಂತಿಂತಹ ಕೆಲಸ ನಡೆಯುತ್ತದೆ ಎಂದು ಬರೆಯಬೇಕು. ಮನೆಯಲ್ಲಿ ಉರ್ದು, ಬ್ಯಾರಿ, ನವಾಯತಿ ಯಾವ ಮಾತೇ ಇರಲಿ, ಅರ್ಜಿ ಕನ್ನಡದಲ್ಲಿರಲಿ. ಶಾಲೆಗೆ ಹೋಗುವ ಮಗಳು ಚೆನ್ನಾಗಿ ಬರೆದುಕೊಡುತ್ತಾಳೆ. ಆ ನೆಪದಲ್ಲಿ ಅವಳಿಗೂ ನಾಗರಿಕಶಾಸ್ತ್ರದ ಪಾಠ ಪುಸ್ತಕದಿಂದ ಬೀದಿಗೆ ಇಳಿದು ಬರುತ್ತದೆ.

ಮೂರನೆಯದಾಗಿ, ಸಭೆಯ ಸಮಯ ನಿಮಗೆ ಅನುಕೂಲವಾಗುವಂತಿಲ್ಲದಿದ್ದರೆ ಅದನ್ನೂ ಹೇಳಿರಿ. ಶುಕ್ರವಾರ ಮಧ್ಯಾಹ್ನವೋ ಮಕ್ಕಳು ಶಾಲೆಯಿಂದ ಮರಳುವ ಹೊತ್ತಿಗೋ ಸಭೆ ಇಟ್ಟರೆ ನಮ್ಮ ಮನೆಗಳಿಂದ ಬರಲು ಕಷ್ಟವೆಂದು ಪಂಚಾಯತ್ ಅಭಿವೃದ್ಧಿ ಅಧಿಕಾರಿಗೆ ಮೊದಲೇ ತಿಳಿಸಬಹುದು. ಗ್ರಾಮಸಭೆಗೆ ಮುನ್ನ ಮಹಿಳೆಯರಿಗಾಗಿಯೇ ನಡೆಯುವ ಮಹಿಳಾ ಗ್ರಾಮಸಭೆಯ ಬಗ್ಗೆಯೂ ವಿಚಾರಿಸಿರಿ. ಅದನ್ನು ಕಾಗದದಲ್ಲಿ ಮಾತ್ರ ನಡೆಸಿದ್ದರೆ ನಿಮ್ಮ ಒಂದು ಪ್ರಶ್ನೆಯಿಂದ ಮುಂದಿನ ಬಾರಿ ನಿಜವಾಗಿ ನಡೆದೀತು. ಪುಟ್ಟ ಮಕ್ಕಳ ಪಾಲನಾ ಕೇಂದ್ರದ ಬೇಡಿಕೆಯನ್ನೂ ಅಲ್ಲಿ ಇಡಬಹುದು. ರಾಜ್ಯ ಸರಕಾರವು 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯತ್‌ಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಘೋಷಿಸಿತ್ತು. ನಿಮ್ಮ ಪಂಚಾಯತ್ ಅದರಲ್ಲಿ ಸೇರಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ನಾಲ್ಕನೆಯದಾಗಿ, ಕೊಟ್ಟು ಬಂದ ಮೇಲೆ ಮರೆಯಬೇಡಿ. ಸಭೆಯ ನಡಾವಳಿ ಪುಸ್ತಕದಲ್ಲಿ ನಿಮ್ಮ ಬೇಡಿಕೆ ದಾಖಲಾಗಿದೆಯೇ ಎಂದು ನೋಡಿರಿ. ಯೋಜನೆಯ ಅಂತಿಮ ಪಟ್ಟಿಯಲ್ಲಿ ಅದು ಇದೆಯೇ ಎಂದು ಕೇಳಿರಿ. ಕೇಳಿಯೂ ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಸಾಕು. ಪಂಚಾಯತ್‌ನಲ್ಲಿ ಚುನಾಯಿತ ಸದಸ್ಯರಿರಲಿ, ಆಡಳಿತಾಧಿಕಾರಿಯೇ ಇರಲಿ, ದಾಖಲೆಯಲ್ಲಿರುವ ಬೇಡಿಕೆಗೆ ಉತ್ತರ ಹೇಳಲೇಬೇಕಾಗುತ್ತದೆ.

ಪಟ್ಟಣದ ಸಹೋದರಿಯರು ಇದು ಹಳ್ಳಿಯವರ ವಿಷಯವೆಂದು ಪುಟ ತಿರುವಬೇಡಿ. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿ ಪುರಸಭೆ, ನಗರಸಭೆಗಳಿಗೂ ಆರ್ಥಿಕ ಅಭಿವೃದ್ಧಿಯ ಯೋಜನೆಯ ಹೊಣೆಯನ್ನು ಹೇಳಿದೆ. ಬಜೆಟ್ ಮಂಡಿಸುವ ಮುನ್ನ ಸಾರ್ವಜನಿಕರೊಂದಿಗೆ ಪೂರ್ವಭಾವಿ ಸಭೆ ನಡೆಸುವ ಪದ್ಧತಿ ಅಲ್ಲಿದೆ. ಅದಕ್ಕೆ ವ್ಯಾಪಾರಿ ಸಂಘದವರು, ಗುತ್ತಿಗೆದಾರರು ತಪ್ಪದೆ ಹೋಗುತ್ತಾರೆ. ನೀವೂ ಹೋಗಿರಿ. ರಸ್ತೆ ಬದಿಯಲ್ಲಿ ಹಣ್ಣು, ತರಕಾರಿ, ಬಳೆ ಮಾರುವ ಸಹೋದರಿಯರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಿದೆ. ಪಟ್ಟಣದ ಮಾರಾಟ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು ಎಂದು ಅದು ಹೇಳುತ್ತದೆ. ವ್ಯಾಪಾರದ ಜಾಗ ಎಲ್ಲಿರಬೇಕೆಂಬ ವಿಷಯ ಆ ಸಮಿತಿಯ ಮುಂದೆಯೇ ಬರುತ್ತದೆ. ಅಲ್ಲಿ ನಮ್ಮವರ ಕುರ್ಚಿ ಖಾಲಿಯಿದ್ದರೆ, ಬುಟ್ಟಿ ಎತ್ತಿಸುವ ದಿನ ಕಣ್ಣೀರಿಟ್ಟು ಪ್ರಯೋಜನವಿಲ್ಲ.

ಎಲ್ಲ ಮೊದಲೇ ತೀರ್ಮಾನವಾಗಿರುತ್ತದೆ, ನಾವು ಹೋಗಿ ಏನು ಪ್ರಯೋಜನ ಎಂದು ನೀವು ಕೇಳಬಹುದು. ಈ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಸಹಿ ಮಾಡಿಸಿಕೊಂಡು ಸಭೆ ಮುಗಿಸುವುದೂ ಇದೆ, ಬಲವಿದ್ದವರ ಬೀದಿಗೇ ರಸ್ತೆ ಹೋಗುವುದೂ ಇದೆ. ಆದರೆ ಹಾಗೆ ತೀರ್ಮಾನಿಸಲು ಸುಲಭವಾಗುವುದು ಕುರ್ಚಿಗಳು ಖಾಲಿಯಿದ್ದಾಗ. ಹತ್ತೊಂಬತ್ತು ಮಂದಿ ಹೆಂಗಸರು ಎದುರಿಗೆ ಕುಳಿತು ನೋಡುತ್ತಿರುವಾಗ ಅದು ಅಷ್ಟು ಸುಲಭವಲ್ಲ. ಒಂದೇ ವರ್ಷದಲ್ಲಿ ಎಲ್ಲವೂ ಬದಲಾಗುವುದಿಲ್ಲ. ಈ ವರ್ಷ ಕೇಳಿದ್ದು ಮುಂದಿನ ವರ್ಷ, ಮುಂದಿನ ವರ್ಷ ಕೇಳಿದ್ದು ಅದರಾಚೆಯ ವರ್ಷ ಸಿಗಬಹುದು.

ಸಹೋದರಿಯರೇ, ಮನೆಯ ಖರ್ಚಿನ ಲೆಕ್ಕವನ್ನು ನಿಮ್ಮಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರಿದ್ದಾರೆ? ಬಂದ ನೂರು ರೂಪಾಯಿಯಲ್ಲಿ ಹಾಲಿಗೆಷ್ಟು, ಮಗುವಿನ ಪುಸ್ತಕಕ್ಕೆಷ್ಟು, ನಾಳೆಯ ಔಷಧಿಗೆಷ್ಟು ಎಂದು ದಿನವೂ ಹಂಚುತ್ತೀರಿ. ಯಾವುದು ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುತ್ತೀರಿ. ಪಂಚಾಯತ್‌ನ ಯೋಜನೆಯೂ ಇದೇ ಲೆಕ್ಕ, ಮೊತ್ತ ಮಾತ್ರ ದೊಡ್ಡದು. ಮುಂದಿನ ವಾರ್ಡ್ ಸಭೆ ಯಾವಾಗ ಎಂದು ಈ ವಾರವೇ ಪಂಚಾಯತ್ ಕಚೇರಿಯಲ್ಲಿ ವಿಚಾರಿಸಿರಿ. ಪಕ್ಕದ ಮನೆಯವರಿಗೂ ತಿಳಿಸಿರಿ. ಅರ್ಜಿಯಲ್ಲಿ ನಿಮ್ಮ ಹೆಸರಿನ ಮುಂದೆ ಗೃಹಿಣಿ ಎಂದಷ್ಟೇ ಬರೆದು ಬಿಡಬೇಡಿ. ಬೀಡಿ ಕಾರ್ಮಿಕೆ, ಹೊಲಿಗೆಯವಳು, ರೊಟ್ಟಿ ಮಾಡುವವಳು ಎಂದು ನೀವು ಮಾಡುವ ಕೆಲಸವನ್ನೂ ಬರೆಯಿರಿ.